ಹನ್ನೆರಡು ಗಂಟೆಗೆ ಹಿಂದೆ ಬಂದ ಕೈ

ಕಡೂರಿನ ಲೂರ್ದಮ್ಮ ದಿನಕ್ಕೆ ಮೂರು ಸಲ ದೇವರ ಜೊತೆ ಮಾತಾಡುತ್ತಾಳೆ, ಮೂವತ್ತು ಸಲ ತೆಂಗಿನ ತೋಟದವರ ಜೊತೆ. ಎರಡು ಕಡೆಯೂ ಅವಳ ಪದ್ಧತಿ ಒಂದೇ. ಹೊತ್ತಿಗೆ ಸರಿಯಾಗಿ ಹೋಗಬೇಕು, ಹೇಳುವುದನ್ನು ಚಿಕ್ಕದಾಗಿ ಹೇಳಬೇಕು, ಬರಿಗೈಯಲ್ಲಿ ವಾಪಸು ಬರಬಾರದು.

ವಯಸ್ಸು ಐವತ್ತೆರಡು. ಗಂಡ ಅರುಳಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಶಿವನಿ ಸ್ಟೇಷನ್ನಿನ ಆಚೆ ಈಚೆ ಹಳಿಯ ಜಲ್ಲಿಯನ್ನೆಲ್ಲ ಹೆಸರು ಹಿಡಿದು ಕರೆಯುವಷ್ಟು ನಡೆದು, ಈಗ ನಿವೃತ್ತನಾಗಿ ಮನೆಯಲ್ಲಿ ಕೂತು ಹೆಂಡತಿಯ ವ್ಯಾಪಾರಕ್ಕೆ ಬುದ್ಧಿ ಹೇಳುತ್ತಾನೆ. ಅವಳು ಕೇಳುವುದಿಲ್ಲ. ತೆಂಗಿನಕಾಯಿ ವ್ಯಾಪಾರ ಅವಳಿಗೆ ಅಪ್ಪನಿಂದ ಬಂದದ್ದು. ಸ್ಕೂಟರ್ ಏರಿದರೆ ಸಿಂಗಟಗೆರೆ, ಸಖರಾಯಪಟ್ಟಣ, ಅಜ್ಜಂಪುರದ ಕಡೆಯ ತೋಟಗಳನ್ನೆಲ್ಲ ಸುತ್ತಿ, ಮರದ ಮೇಲಿರುವ ಕಾಯಿಯನ್ನು ಕೆಳಗೆ ನಿಂತೇ ಅಂದಾಜು ಮಾಡುತ್ತಾಳೆ.

ಪ್ರಾರ್ಥನೆ ಬಂದದ್ದು ಅಮ್ಮನಿಂದ. ಬೆಳಿಗ್ಗೆ ಐದೂವರೆಗೆ ಬೈಬಲಿನಿಂದ ಆ ದಿನದ ಶುಭಸಂದೇಶ ಓದಿ, ಅದರಲ್ಲಿ ಒಂದು ಮಾತನ್ನು ಆರಿಸಿ, ಬೆಲ್ಲದ ಚೂರನ್ನು ದವಡೆಯಲ್ಲಿಟ್ಟುಕೊಂಡ ಹಾಗೆ ಇಡೀ ದಿನ ಇಟ್ಟುಕೊಳ್ಳುವುದು. ಸಂಜೆ ಜಪಸರ, ಅದು ಮುಗಿದ ಮೇಲೆ ಇವತ್ತು ದೇವರು ಎಲ್ಲಿ ಸಿಕ್ಕ, ನಾನು ಎಲ್ಲಿ ತಪ್ಪಿಸಿಕೊಂಡು ಓಡಿದೆ ಎಂದು ಐದು ನಿಮಿಷ ಸುಮ್ಮನೆ ಕೂತು ನೋಡಿಕೊಳ್ಳುವುದು. ಇವೆರಡರ ನಡುವೆ ಮಧ್ಯಾಹ್ನ ಹನ್ನೆರಡಕ್ಕೆ ತ್ರಿಕಾಲ ಪ್ರಾರ್ಥನೆ. ದೇವದೂತ ಮರಿಯಳ ಹತ್ತಿರ ಬಂದದ್ದನ್ನು ನೆನೆಯುವ ಮೂರು ವಾಕ್ಯ, ಒಂದೊಂದಕ್ಕೂ ಒಂದು ನಮೋ ಮರಿಯಾ ಜಪ. ಎರಡು ನಿಮಿಷದ ಕೆಲಸ. ಫೋನಿನಲ್ಲಿ ಚರ್ಚಿನ ಗಂಟೆ ಬಾರಿಸುವಂತೆ ಅಲಾರಂ ಇಟ್ಟಿದ್ದಾಳೆ. ಬಾರಿಸಿದ ಕೂಡಲೇ ಎಲ್ಲಿದ್ದಾಳೋ ಅಲ್ಲೇ ಶಿಲುಬೆ ಗುರುತು ಹಾಕಿ ಕಣ್ಣು ಮುಚ್ಚುತ್ತಾಳೆ. ತುಟಿ ಅಲುಗುತ್ತದೆ, ಸದ್ದು ಬರುವುದಿಲ್ಲ. ಹಳೆಯ ತೋಟದವರಿಗೆಲ್ಲ ಇದು ಗೊತ್ತು. ಅವರು ಆ ಹೊತ್ತಿಗೆ ಎಲೆಅಡಿಕೆ ಹಾಕಿಕೊಳ್ಳುತ್ತಾರೆ.

ಸಿಂಗಟಗೆರೆಯ ಹುಚ್ಚಮ್ಮನಿಗೆ ಗೊತ್ತಿರಲಿಲ್ಲ. ಪ್ರತಿ ಸಲ ವ್ಯಾಪಾರ ಮಾತಾಡುತ್ತಿದ್ದವನು ಅವಳ ಗಂಡ ಕರಿಯಪ್ಪ. ಈ ಸಲ ಅವನು ಕಾಲು ಉಳುಕಿಸಿಕೊಂಡು ಜಗಲಿ ಹಿಡಿದಿದ್ದ. ಅರವತ್ತೆಂಟನೆಯ ವಯಸ್ಸಿನಲ್ಲಿ ಹುಚ್ಚಮ್ಮ ಮೊದಲ ಬಾರಿಗೆ ದರ ಕುದುರಿಸಲು ತೋಟಕ್ಕೆ ಬಂದಳು, ಮದುವೆಗೆ ಹೊರಟವಳಂತೆ ಇಸ್ತ್ರಿ ಸೀರೆ ಉಟ್ಟು.

ಪಕ್ಕದ ತೋಟದ ಜವರಯ್ಯ ಬೇಲಿಗೆ ಆತುಕೊಂಡು ನಿಂತಿದ್ದ. ಅವನ ಕಿವಿಗೆ ದರ ಬೀಳಬಾರದೆಂದು ಲೂರ್ದಮ್ಮ ಅಪ್ಪ ಕಲಿಸಿದ ರೀತಿಯಲ್ಲಿ ಸೆರಗಿನ ಕೆಳಗೆ ಕೈ ಚಾಚಿದಳು. ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವುದಿಲ್ಲವೆ, ಅದೇ. ಬೆರಳು ಹಿಡಿದರೆ ದರ, ಒಂದು ಬೆರಳು ಬಿಟ್ಟರೆ ದರ ಒಂದು ಮೆಟ್ಟಿಲು ಇಳಿದಂತೆ, ಅಂಗೈ ಅದುಮಿದರೆ ಒಪ್ಪಿಗೆ, ಕೈ ಹಿಂದಕ್ಕೆ ಎಳೆದುಕೊಂಡರೆ 'ಬೇಡ, ಹೊರಟೆ' ಎಂದು ಅರ್ಥ.

ಹುಚ್ಚಮ್ಮ ಕೇಳಿದ್ದು ನ್ಯಾಯವಾದ ದರ. ಲೂರ್ದಮ್ಮ ಇನ್ನೇನು ಅಂಗೈ ಅದುಮಬೇಕು, ಅಷ್ಟರಲ್ಲಿ ಫೋನಿನ ಗಂಟೆ ಬಾರಿಸಿತು. ಶಿಲುಬೆ ಗುರುತು ಹಾಕಲು ಬಲಗೈಯೇ ಬೇಕು. ಸೆರಗಿನ ಕೆಳಗಿದ್ದ ಕೈ ಹಿಂದೆ ಬಂತು.

ಹುಚ್ಚಮ್ಮ ಅವಳ ಮುಖವನ್ನೇ ನೋಡಿದಳು. ಇವಳು ಕೈ ಎಳೆದುಕೊಂಡಳು, ಕಣ್ಣು ಬೇರೆ ಮುಚ್ಚಿದಳು. ಇಷ್ಟು ಕೋಪವೆ?

"ಆಯ್ತು ಕಣವ್ವ, ಒಂದ್ ಬೆರಳು ಬಿಟ್ಟೆ."

ಮೊದಲ ನಮೋ ಮರಿಯಾ ಮುಗಿದಿತ್ತು. ತುಟಿ ಎರಡನೆಯದನ್ನು ಹಿಡಿದಿತ್ತು.

"ಎಲ್ಡು ಬಿಟ್ಟೆ. ಕಣ್ ಬಿಡು ತಾಯಿ."

ಬೇಲಿಯ ಆಚೆಯಿಂದ ಜವರಯ್ಯ ಕಿಸಕ್ಕೆಂದ. ಲೂರ್ದಮ್ಮನಿಗೆ ಎಲ್ಲವೂ ಕೇಳುತ್ತಿತ್ತು. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲವಲ್ಲ. ಮೂರನೆಯ ನಮೋ ಮರಿಯಾ ಬಂದಾಗ ನಾಲಿಗೆ ತಾನಾಗಿ ನಿಧಾನವಾಯಿತು. ತಾನಾಗಿ ಎಂದು ಅವಳು ಆಮೇಲೆ ವಾದಿಸಿ ನೋಡಿದಳು, ವಾದ ನಿಲ್ಲಲಿಲ್ಲ. ಒಂದೊಂದು ಪದವನ್ನೂ ಗಾಣದ ಎತ್ತಿನ ಹಾಗೆ ನಡೆಸಿದಳು.

"ಮೂರು! ಇನ್ ಇಳಿಯಾಕಿಲ್ಲ, ನಮ್ಮೆಜಮಾನ್ರು ನನ್ನ ಮನೆಗೆ ಸೇರ್ಸಾಕಿಲ್ಲ!"

ಆಮೆನ್. ಲೂರ್ದಮ್ಮ ಕಣ್ಣು ಬಿಟ್ಟು, ಕೈಯನ್ನು ಮತ್ತೆ ಸೆರಗಿನ ಕೆಳಗಿಟ್ಟು, ಅಂಗೈ ಅದುಮಿದಳು.

ಆ ಸಂಜೆ ಜಪಸರ ಮುಗಿಯಿತು, ಅವಳು ಏಳಲಿಲ್ಲ.

"ಏನೇ, ಸಿಗ್ನಲ್ ಬಿದ್ದಿಲ್ವಾ?" ಎಂದ ಅರುಳಪ್ಪ. "ಊಟ ಪ್ಲಾಟ್‌ಫಾರಂ ಮೇಲೆ ಕಾಯ್ತಾ ಐತೆ."

ಅವಳು ಎಲ್ಲವನ್ನೂ ಹೇಳಿದಳು. ಅರುಳಪ್ಪ ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ.

"ಲಾಭ ಬಂತಲ್ಲ ಅಂತ ಬೇಜಾರಾ?"

"ಲಾಭಕ್ಕಲ್ಲ ಕಣ್ರೀ. ವಾರದಾಗೆ ಆರು ದಿನ ದುಡಿಮೆ ನಂದು. ಆ ದುಡಿಮೆ ನಡುವೆ ನಮ್ಮವ್ವ ಕೊಟ್ಟಿದ್ದು ಹನ್ನೆರಡು ಗಂಟೆ ಒಂದೇ, ಅದನ್ನೂ ವ್ಯಾಪಾರಕ್ಕೆ ಇಟ್ಬಿಟ್ಟೆ. ನಾಳೆ ಗಂಟೆ ಹೊಡ್ದಾಗ ನಾನು ಯಾರ ಹತ್ರ ಮಾತಾಡ್ತಿದ್ದೀನಿ ಅಂತ ನಂಗೇ ಗೊತ್ತಾಗಲ್ಲ."

"ಹೋಗಿ ಸರಿ ಮಾಡ್ಕೊಂಡ್ ಬಾ," ಎಂದು ಅರುಳಪ್ಪ ತಟ್ಟೆ ಇಟ್ಟ.

ಮಾರನೆಯ ದಿನ ಹನ್ನೊಂದೂವರೆಗೆ ಅವಳು ಸಿಂಗಟಗೆರೆಯಲ್ಲಿದ್ದಳು. ಜಗಲಿಯ ಮೇಲೆ ಕರಿಯಪ್ಪ ಕಾಲು ಚಾಚಿ ಕೂತಿದ್ದ. ಮೂರು ಬೆರಳು ಸೋತಳೆಂದು ಬೆಳಿಗ್ಗೆಯಿಂದ ಹೆಂಡತಿಯನ್ನು ರೇಗಿಸಿದ ತೃಪ್ತಿ ಮುಖದ ಮೇಲಿತ್ತು.

"ಹುಚ್ಚಮ್ಮಕ್ಕ, ಆ ಮೂರು ಬೆರಳು ವಾಪಸ್ ತಗೊಳ್ಳಿ. ನೀವು ಕೇಳಿದ್ ದರಾನೇ ಕೊಡ್ತೀನಿ."

ವ್ಯಾಪಾರಿ ತಾನಾಗಿ ಮನೆ ಬಾಗಿಲಿಗೆ ಬಂದು ಹೆಚ್ಚು ಕೊಡುತ್ತೇನೆ ಎಂದರೆ ಬುದ್ಧಿ ಇದ್ದವರು ಮಾಡುವುದನ್ನೇ ಹುಚ್ಚಮ್ಮ ಮಾಡಿದಳು. ಕಣ್ಣು ಕಿರಿದು ಮಾಡಿ ಗಂಡನನ್ನು ನೋಡಿದಳು.

"ತಿಪಟೂರಾಗೆ ಕೊಬ್ರಿ ಏರೈತೆ."

"ಏರೈತೆ," ಎಂದ ಕರಿಯಪ್ಪ, ಏನೂ ತಿಳಿಯದಿದ್ದರೂ.

"ಹಂಗಾರೆ ಇನ್ನೂ ಎಲ್ಡು ಬೆರಳು ಸೇರ್ಸು."

"ಅಕ್ಕಾ, ದರ ಏನೂ ಏರಿಲ್ಲ!"

"ಏರದಿದ್ರೆ ಕಡೂರಿಂದ ಪೆಟ್ರೋಲ್ ಸುಟ್ಕೊಂಡು ಯಾಕ್ ಬತ್ತಿದ್ದೆ? ನಂಗೇನು ಕಿವಿ ಮ್ಯಾಲೆ ಹೂ ಐತಾ?"

ಮೂವತ್ತು ವರ್ಷ ದರ ಇಳಿಸಲು ಬಳಸಿದ ಜಾಣತನವೆಲ್ಲ ಈಗ ಕೈಗೆ ಬರಲಿಲ್ಲ. ಲೂರ್ದಮ್ಮ ಜಗಲಿಯ ಅಂಚಿನಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನಿನ್ನೆ ನಾನು ಬೇಡ ಅಂತ ಕೈ ತೆಗೀಲಿಲ್ಲ ಅಕ್ಕ. ನಮ್ಮ ಪ್ರಾರ್ಥನೆ ಹೊತ್ತು ಅದು. ನೀವು ಇಳಿಸ್ತಾ ಹೋದ್ರಿ, ನಾನು ಕೇಳಿಸ್ಕೊಂಡೂ ಸುಮ್ನಿದ್ದೆ. ಮೂರನೇದನ್ನ ಬೇಕೂಂತಲೇ ಎಳೆದೆ."

ಹುಚ್ಚಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಿನ್ ಮನೆ ಕಾಯೋಗ! ದೇವ್ರನ್ನ ನಿಲ್ಸಿ ನನ್ ತಾವ ಯಾಪಾರ ಮಾಡಿದ್ಯಾ! ಕೇಳಿದ್ರಾ, ನಾನ್ ಸೋತಿದ್ದು ಇವಳೊಬ್ಳಿಗಲ್ಲ, ಇಬ್ರಿಗೆ!"

ಕರಿಯಪ್ಪನ ಮುಖದ ತೃಪ್ತಿ ಸ್ವಲ್ಪ ಇಳಿಯಿತು. ಅದೇ ಸಮಯಕ್ಕೆ ಚೀಲದೊಳಗಿಂದ ಗಂಟೆ ಬಾರಿಸಿತು.

ಲೂರ್ದಮ್ಮನ ಕೈ ಏಳಲಿಲ್ಲ. ಹುಚ್ಚಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಇವತ್ತು ಗಟ್ಟಿಯಾಗಿ ಹೇಳು. ಏನಂತೀಯೋ ನಾನೂ ಕೇಳ್ತೀನಿ."

ಸಂತೆಯಲ್ಲಿ ಗಂಟಲು ಹರಿಯುವಂತೆ ಕೂಗಬಲ್ಲವಳ ದನಿ ಈ ಮೂರು ವಾಕ್ಯಕ್ಕೆ ಸಣ್ಣದಾಯಿತು. ಆದರೂ ಹೇಳಿದಳು: ದೇವರ ಮಗನಿಗೆ ತಾಯಿಯಾಗುವೆ ಎಂದು ದೇವದೂತ ಮರಿಯಳಿಗೆ ಸುದ್ದಿ ಹೇಳಿದ್ದು, ಅವಳು ಒಪ್ಪಿದ್ದು, ದೇವರು ಮನುಷ್ಯನಾಗಿ ನಮ್ಮ ನಡುವೆ ಬಂದದ್ದು.

"ಯಾವ ಊರ ಹುಡುಗಿ ಅದು?" ಎಂದು ಕೇಳಿದಳು ಹುಚ್ಚಮ್ಮ.

"ಒಂದು ಹಳ್ಳಿ. ಬಡವರ ಮನೆ ಹುಡುಗಿ."

"ಅಷ್ಟು ದೊಡ್ ಮಾತ್ಗೆ ಒಂದೇ ಸಲಕ್ಕೆ ಹೂಂ ಅಂದ್ಬಿಟ್ಲಾ?"

"ಒಂದು ಸಲ ಕೇಳಿದ್ಲು, ಇದು ಹೆಂಗಾಗುತ್ತೆ ಅಂತ. ಉತ್ತರ ಸಿಕ್ತು. ಆಮೇಲೆ ನಿಮ್ಮ ಮಾತಿನಂತೆ ಆಗಲಿ ಅಂದ್ಲು."

ಹುಚ್ಚಮ್ಮ ಯೋಚಿಸಿದಳು. "ಒಂದ್ ಸಲ ಕೇಳೋದು ನ್ಯಾಯ. ಕೇಳದೆ ಹೂಂ ಅನ್ನೋರು ನನ್ನಂತೋರು." ಕೈ ಚಾಚಿದಳು, ಸೆರಗಿಲ್ಲದೆ, ಗಂಡನ ಕಣ್ಣೆದುರಿಗೇ. "ಮೊದ್ಲು ಕೇಳಿದ ದರವೇ ಇರ್ಲಿ. ತಿಪಟೂರಿನ ಎಲ್ಡು ಬೆರಳು ಬಿಟ್ಟೆ. ಇದು ಹೆದ್ರಿ ಬಿಟ್ಟಿದ್ದಲ್ಲ, ತಿಳ್ಕೋ."

ಲೂರ್ದಮ್ಮ ಅಂಗೈ ಅದುಮಿದಳು, ಎರಡೂ ಕೈಯಿಂದ.

ಸುದ್ದಿ ಜವರಯ್ಯನ ಬೇಲಿ ದಾಟಿತು. ಈಗ ಹನ್ನೆರಡರ ಮೌನಕ್ಕೆ ಆ ಸೀಮೆಯಲ್ಲಿ ಯಾರೂ ಒಂದು ಕಾಯಿಯಷ್ಟೂ ಬಗ್ಗುವುದಿಲ್ಲ. ವ್ಯಾಪಾರದ ಲೆಕ್ಕದಲ್ಲಿ ಅದು ನಷ್ಟವೇ. ಲೂರ್ದಮ್ಮ ಮಾತ್ರ ಹನ್ನೆರಡಾಗುವುದನ್ನು ಮತ್ತೆ ಕಾಯತೊಡಗಿದ್ದಾಳೆ.

ಶನಿವಾರ ಹುಚ್ಚಮ್ಮನ ತೋಟದಲ್ಲಿ ಕಾಯಿ ಇಳಿಸುವ ಕೆಲಸ. ಕಾಯಿ ಕೀಳುವ ಹುಡುಗ ತಿಪ್ಪೇಶ ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ದೋಟಿ ಹಿಡಿದು ಗೊನೆ ಎಳೆಯುತ್ತಿದ್ದಾಗ ಗಂಟೆ ಬಾರಿಸಿತು.

"ಲೇ ತಿಪ್ಪೇಶ, ನಿಲ್ಸೋ!" ಹುಚ್ಚಮ್ಮ ಕೂಗಿದಳು. "ಲೂರ್ದವ್ವ ದೇವ್ರ ತಾವ ಮಾತಾಡ್ತಾಳೆ. ಒಂದ್ ಕಾಯಿ ಬಿದ್ರೂ ನಿನ್ ಕೂಲಿ ಮುರೀತೀನಿ!"

ತಿಪ್ಪೇಶ ದೋಟಿ ಎತ್ತಿದ ಕೈಯನ್ನು ಎತ್ತಿದ ಹಾಗೇ ಹಿಡಿದು ಕಂಬವಾದ. ಲೂರ್ದಮ್ಮ ಎರಡನೆಯ ನಮೋ ಮರಿಯಾಕ್ಕೆ ಬಂದಿದ್ದಳು. ಅರ್ಧ ಕತ್ತರಿಸಿ ಬಿಟ್ಟಿದ್ದ ಗೊನೆಯಿಂದ ಒಂದು ಕಾಯಿ ಕಳಚಿ, ಸದ್ದಿಲ್ಲದ ತೋಟದಲ್ಲಿ ಧಪ್ಪನೆ ಬಿತ್ತು.

"ನಾನಲ್ಲ ಅಜ್ಜೀ!" ಎಂದ ತಿಪ್ಪೇಶ, ಅಲುಗಾಡದೆ.

ಲೂರ್ದಮ್ಮನಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಸೆರಗಿನಿಂದ ಒರೆಸಿಕೊಂಡು, ಶಿಲುಬೆ ಗುರುತು ಹಾಕಿ ಮೊದಲಿನಿಂದ ಶುರು ಮಾಡಿದಳು.