ಮೊಯ್ನೋಕ್ ದಿಟ್ಟಿಸಿದ್ದು ಯಾರನ್ನು

ಗಂಡ ತೀರಿಕೊಂಡ ಮೇಲೂ ಅನಾರ್‌ಕಾನ್ ಕುರಿ ಹೊಡೆದುಕೊಂಡು ಬೇಸಿಗೆಯ ಹುಲ್ಲುಗಾವಲಿಗೆ ಬಂದಳು. ದುಃಖವೆಂದರೆ ಕುರಿ ಕೇಳುತ್ತದೆಯೇ? ಹಾಲು ಕರೆದು, ಸಗಣಿ ಒಣಹಾಕಿ, ಸಂಜೆ ಗುಡಾರದ ಮುಂದೆ ಕುಕ್ಕರಿಸಿದರೆ ಗಂಡನ ನಾಯಿ ಮೊಯ್ನೋಕ್ ಬಾಲ ಅಲ್ಲಾಡಿಸುತ್ತಾ ಓಡಿಬರುತ್ತಿತ್ತು. ಅವಳು ಬಾಯಿ ತೆರೆದ ಕೂಡಲೇ ಗಕ್ಕನೆ ನಿಂತು, ತಲೆ ಓರೆ ಮಾಡಿ ಅವಳನ್ನೇ ದಿಟ್ಟಿಸುತ್ತಿತ್ತು.

"ಅತ್ತಿಗೆ, ನಿಮ್ಮ ಹಿಂದೆ ಅದಕ್ಕೆ ಅಣ್ಣ ಕಾಣ್ತಿದಾನೆ. ಹೊಗೆ ಹಾಕ್ಬೇಕು," ಎಂದ ಮೈದುನ ಶಾರ್ಶೆನ್.

"ಕಂಡ್ರೆ ಒಳ್ಳೇದೇ ಆಯ್ತು. ಎರಡು ಕೊಡ ನೀರು ತರೋಕೆ ಹೇಳು ಅವರಿಗೆ."

ಆದರೂ ಅಕ್ಕಪಕ್ಕದ ಗುಡಾರದ ನಾವೆಲ್ಲ ಸೇರಿ, ದೆವ್ವ ಓಡಿಸುವ ಅರ್ಚಾ ಗಿಡದ ಸೊಪ್ಪು ಸುಟ್ಟು ನಾಯಿಗೆ ಹೊಗೆ ಹಾಕಿದೆವು. ಅದು ಸೀನಿ, ಮತ್ತೆ ದಿಟ್ಟಿಸಿತು.

ಬೆಂಕಿಯ ಕಾವಿಗೆ ಬೆವೆತ ಅನಾರ್‌ಕಾನ್ ದೊಡ್ಡ ಶಾಲಿನಡಿ ತೊಟ್ಟಿದ್ದ ಮೇಲಂಗಿ ಬಿಚ್ಚಿ ನೆಲಕ್ಕೆ ಹಾಕಿದಳು. ನಾಯಿ ನೆಗೆದು ಬಂದು ಅದರಲ್ಲಿ ಮೂತಿ ಹುದುಗಿಸಿ ಮಲಗಿತು. ಅವಳತ್ತ ತಿರುಗಿಯೂ ನೋಡಲಿಲ್ಲ.

ಅದು ಸತ್ತವನ ಕುರಿದೊಗಲ ಅಂಗಿ. ವಾಸನೆ ಅವನದು, ದನಿ ಇವಳದು. ಮೂಕಪ್ರಾಣಿ ಏನೆಂದು ತಿಳಿಯಬೇಕು? ನಮ್ಮಲ್ಲಿ ಸತ್ತವರ ಬಟ್ಟೆ ಹೆಣ ತೊಳೆದವರಿಗೆ ಸೇರಬೇಕು. ತೊಳೆದವನು ಶಾರ್ಶೆನ್. ಅಂಗಿ ಸಿಗಲಿಲ್ಲವೆಂದು ಅವಳು ಅವನಿಗೆ ಹೇಳಿದ್ದಳು.

ಶಾರ್ಶೆನ್ ಅಂಗಿಯನ್ನು ನೋಡಿದ, ಅತ್ತಿಗೆಯನ್ನು ನೋಡಿದ.

"ತಗೊಂಡು ಹೋಗು, ನಾಯಿ ಬಿಟ್ರೆ," ಎಂದಳು ಅವಳು.

"ಇರ್ಲಿ ಬಿಡಿ ಅತ್ತಿಗೆ. ಹೆಂಗೆ ಮಲಗಿದೆ ನೋಡಿ."

"ನೋಡೋದೇನು? ಇಷ್ಟು ದಿನ ನಾನೂ ಹಂಗೇ ಮಲಗ್ತಿದ್ದೆ."