ಮೂವತ್ತೆಂಟು ಪೆಟ್ಟಿಗೆಗಳ ಉಡಿ

ಇವತ್ತು ಬೆಳಿಗ್ಗೆ ರೊಟ್ಟಿಯ ಜೊತೆ ನಮ್ಮ ಮನೆಯಾಕೆ ಕೊಬ್ಬರಿ ಚಟ್ನಿಪುಡಿ ಬಡಿಸಿದಳು. ಅದರಲ್ಲಿ ವಿಶೇಷವೇನೂ ಇಲ್ಲ. ಒಣ ಕೊಬ್ಬರಿ, ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ, ಉಪ್ಪು, ಅಷ್ಟೇ. ಆದರೆ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಕೈ ತಾನಾಗಿಯೇ ಮಡಿಲಿಗೆ ಹೋಗಿ, ಅಲ್ಲಿ ಏನಾದರೂ ಬಿದ್ದಿದೆಯೇ ಎಂದು ತಟ್ಟಿ ನೋಡಿತು. "ಇನ್ನೂ ಹೋಗಿಲ್ಲೇನ್ರಿ ಅದು?" ಎಂದು ಅವಳು ನಕ್ಕಳು. ಹೋಗಿಲ್ಲ. ಎರಡು ವರ್ಷವಾದರೂ ಹೋಗಿಲ್ಲ. ಇಡೀ ದಾಂಡೇಲಿಯಲ್ಲಿ ಉಡಿ ತುಂಬಿಸಿಕೊಂಡ ಏಕೈಕ ಗಂಡಸು ನಾನು ಎಂದು ಅಂಬೇವಾಡಿಯ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ನಿಮಗೆ ಬೇರೆ ಯಾರಾದರೂ ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು.

ನಾನು ಕಾಗದದ ಗಿರಣಿಯ ಉಗ್ರಾಣದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಉಗ್ರಾಣದವನಿಗೆ ಜಗತ್ತು ಎರಡೇ ಭಾಗ: ಪಟ್ಟಿಯಲ್ಲಿ ಇರುವುದು, ಪಟ್ಟಿಯಲ್ಲಿ ಇಲ್ಲದ್ದು. ನಿವೃತ್ತಿಯಾದ ಮೇಲೆ ಬಂಗೂರನಗರದ ಮನೆಯಲ್ಲಿ ಪಟ್ಟಿ ಮಾಡಲು ಏನೂ ಸಿಗದೆ, ಅಡಿಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಮರುದಿನ ನಮ್ಮಾಕೆ ಸಾಸಿವೆಯನ್ನು ಜೀರಿಗೆಯ ಡಬ್ಬಿಗೂ ಜೀರಿಗೆಯನ್ನು ಮೆಂತ್ಯದ ಡಬ್ಬಿಗೂ ಹಾಕಿಟ್ಟು, ನಾನು ಚಹಾಪುಡಿ ಹುಡುಕುವುದನ್ನು ಕಣ್ತುಂಬ ನೋಡಿದಳು.

ಹಾಗೆ ಕೈ ಕಟ್ಟಿ ಕುಳಿತಿದ್ದಾಗ ಮುಂಬಯಿಯಿಂದ ಫೋನು ಬಂತು. ಹಳೆಯ ಸಹೋದ್ಯೋಗಿಯೊಬ್ಬರ ಮಗಳು ಅಲ್ಲಿ ಒಂದು ಸಂಸ್ಥೆಯಲ್ಲಿದ್ದಾಳೆ. ಸುಡಾನಿನಲ್ಲಿ ಯುದ್ಧ. ಊರು ಬಿಟ್ಟು ಓಡಿದ್ದ ರೈತರಲ್ಲಿ ಕೆಲವರು ವಾಪಸ್ಸು ಬಂದು ನೋಡಿದರೆ ಹೊಲ ಇದೆ, ಅಗೆಯಲು ಒಂದು ಗುದ್ದಲಿ ಇಲ್ಲ. ಮಳೆ ಬೀಳುವುದರೊಳಗೆ ಸಲಿಕೆ, ಗುದ್ದಲಿ, ಕುಡಗೋಲು, ಕಳೆ ತೆಗೆಯುವ ಕುರಪಿ ಇಷ್ಟನ್ನಾದರೂ ಕಳಿಸಬೇಕು. "ಅಂಕಲ್, ನಿಮ್ಮ ಕಡೆಯಿಂದ ಕೂಡಿಸಿ, ಪಟ್ಟಿ ಮಾಡಿ, ಸಹಿ ಹಾಕಿ ಕಳಿಸೋಕೆ ಆಗುತ್ತಾ?" ಎಂದಳು. ಪಟ್ಟಿ ಮತ್ತು ಸಹಿ ಎಂಬ ಎರಡು ಶಬ್ದ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಸುಡಾನು ಎಲ್ಲಿದೆ ಎಂದು ಕೇಳುವುದನ್ನೇ ಮರೆತೆ.

ಆಮೇಲೆ ನಿಯಮಗಳ ಕಾಗದ ಬಂತು. ಕಬ್ಬಿಣ, ಹೆಚ್ಚೆಂದರೆ ಅದನ್ನು ಒರೆಸುವ ಬಟ್ಟೆ ಮಾತ್ರ. ಮರ ಇರಬಾರದು. ಕಾಳು, ಬೀಜ, ಎಲೆ, ಬೇರು, ಮಣ್ಣು ಯಾವುದೂ ಇರಬಾರದು. ಇಲ್ಲಿಯ ಹುಳುಹುಪ್ಪಡಿ ಅಲ್ಲಿಗೆ ಹೋಗಬಾರದಂತೆ. ಒಂದೇ ಒಂದು ಪೆಟ್ಟಿಗೆಯಲ್ಲಿ ಒಂದು ಕಾಳು ಸಿಕ್ಕರೂ ಇಡೀ ಕಂಟೇನರು ಬಂದರಿನಲ್ಲೇ ನಿಲ್ಲುತ್ತದೆ. ಅದು ನಿಂತರೆ ಹಡಗು ತಪ್ಪುತ್ತದೆ, ಹಡಗು ತಪ್ಪಿದರೆ ಅಲ್ಲಿಯ ಮಳೆ ತಪ್ಪುತ್ತದೆ. ಇದೆಲ್ಲ ಓದಿ ಒಪ್ಪಿದ್ದೇನೆ ಎಂಬುದರ ಕೆಳಗೆ, ಅಲ್ಲಿ ಸಾಮಾನು ಪಡೆಯುವವರ ಪ್ರತಿನಿಧಿ ಎಂದು ನನ್ನ ಸಹಿ.

ಜನ ಕೊಟ್ಟದ್ದಕ್ಕೆ ಲೆಕ್ಕವಿಲ್ಲ. ಮುಂಡಗೋಡದ ಸನವಳ್ಳಿಯಿಂದ ಒಂದು ಮೂಟೆ ಸಲಿಕೆ ಬಂತು. ಜೋಯಿಡಾದಿಂದ ಕುಡಗೋಲಿನ ಜೊತೆ ಇಪ್ಪತ್ತು ಬಿದಿರಿನ ಬುಟ್ಟಿಗಳೂ ಬಂದವು. ಬಿದಿರು ನಡೆಯುವುದಿಲ್ಲ ಎಂದು ಬುಟ್ಟಿಗಳನ್ನು ಮೂಲೆಗೆ ಇಡಿಸಿದೆ. ಹಳಿಯಾಳ ತಾಲೂಕಿನ ಹಳ್ಳಿಯೊಂದರಿಂದ ಜುಜೆ ಎಂಬ ಸಿದ್ದಿ ರೈತ ತನ್ನ ಕೇರಿಯವರ ಗುದ್ದಲಿಗಳನ್ನೆಲ್ಲ ಹೊತ್ತು ಬಸ್ಸಿನಲ್ಲಿ ಬಂದ. ಪ್ರತಿಯೊಂದಕ್ಕೂ ಹೊಸ ಕಾವು ಕೂರಿಸಿದ್ದ. ಕಾವು ಮರದ್ದು, ತೆಗೆಯಬೇಕು ಎಂದೆ.

"ಕಾವು ಇಲ್ಲದ ಗುದ್ಲಿ ಕೊಟ್ರ ಅವ್ರು ನಮಗ ಏನನ್ನಬೇಕ್ರಿ?" ಎಂದ ಜುಜೆ. ಎರಡು ದಿನ ಕೂತು ಕೂರಿಸಿದ್ದನ್ನು ಒಂದು ತಾಸಿನಲ್ಲಿ ಬಡಿದು ತೆಗೆದ.

ಅವನನ್ನು ಸಮಾಧಾನ ಮಾಡೋಣವೆಂದು ನಾನು ಇಲ್ಲದ ಜಾಣತನ ತೋರಿಸಿದೆ. "ಏನ ಅನ್ನು ಜುಜೆ, ನಿಮ್ಮ ಮೂಲದ ಕಡೇನ, ಆಫ್ರಿಕಾಕ್ಕ, ಹೊಂಟೈತಿ ನೋಡು ಇದು."

ಅವನು ಗುದ್ದಲಿ ಕೆಳಗಿಟ್ಟ. "ನಿಮ್ಮ ಮೂಲ ಎಲ್ಲೈತ್ರಿ?"

"ನವಲಗುಂದದ ಕಡೆ."

"ಅದಕ್ಕಿಂತ ಮೊದಲ?"

"ಅದು ಯಾರಿಗೆ ಗೊತ್ತೋ ಮಾರಾಯ."

"ನಂದೂ ಹಂಗ ರೀ. ಹಳಿಯಾಳ ತಾಲೂಕು. ಅದಕ್ಕಿಂತ ಮೊದಲಿಂದು ನಮ್ಮ ಅಜ್ಜಗೂ ಗೊತ್ತಿದ್ದಿಲ್ಲ. ಅದಿರ್ಲಿ, ಅಲ್ಲೆ ಮಣ್ಣು ಎಂಥಾದ್ರಿ? ಕರೀದೋ, ಉಸುಕಿಂದೋ? ಉಸುಕಿಂದಾದ್ರ ಈ ಅಗಲ ಗುದ್ಲಿ ಚಲೋ."

ನಾನು ಮುಂಬಯಿಗೆ ಇಪ್ಪತ್ತು ಸಲ ಫೋನು ಮಾಡಿದ್ದೆ. ಪೆಟ್ಟಿಗೆಯ ಅಳತೆ ಕೇಳಿದ್ದೆ, ಅಂಟುಪಟ್ಟಿಯ ಅಗಲ ಕೇಳಿದ್ದೆ. ಅಲ್ಲಿಯ ಮಣ್ಣು ಎಂಥದ್ದು ಎಂದು ಕೇಳಬೇಕೆಂದು ಹೊಳೆದಿರಲಿಲ್ಲ.

ಇನ್ನು ಪಾರವ್ವ. ಅಂಬೇವಾಡಿಯ ಹೆಣ್ಣುಮಕ್ಕಳ ಸಂಘಕ್ಕೆ ಅವಳೇ ಹಿರಿಯಳು, ಗಿರಣಿಯಲ್ಲಿ ದುಡಿದು ತೀರಿಕೊಂಡ ಫಿಟ್ಟರೊಬ್ಬರ ಹೆಂಡತಿ. ಮೂಲತಃ ಧಾರವಾಡದ ಕಡೆಯವಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಸಾಮಾನು ಇಟ್ಟದ್ದು ಅವರ ಸಂಘದ ಕೋಣೆಯಲ್ಲಿ. ಹಳೆಯ ಸಲಿಕೆಗಳ ಮಣ್ಣನ್ನು ಪಾತ್ರೆ ತಿಕ್ಕುವ ಹಾಗೆ ತಿಕ್ಕಿ ತೊಳೆದವರೂ ಅವರೇ. ಮೂವತ್ತೆಂಟು ರಟ್ಟಿನ ಪೆಟ್ಟಿಗೆಗಳಾದವು. ನಾನು ಒಂದೊಂದನ್ನೂ ತುಂಬಿ, ಎಣಿಸಿ, ಸಂಖ್ಯೆ ಬರೆದು, ಮಧ್ಯಾಹ್ನ ಮೂರಕ್ಕೆ ಮನೆಗೆ ಹೊರಟೆ. "ಮುಚ್ಚಿ ಟೇಪು ಹಚ್ಚೂದು ನಮಗ ಬಿಡ್ರಿ ಸಾಹೇಬ್ರ, ನೀವು ದಣದೀರಿ," ಎಂದಳು ಪಾರವ್ವ. ಮೂವತ್ತು ವರ್ಷದ ನೌಕರಿಯಲ್ಲಿ ಯಾರೂ ನನಗೆ ದಣಿದಿದ್ದೀರಿ ಎಂದಿರಲಿಲ್ಲ. ಅಲ್ಲಿಯೇ ನಾನು ಕೆಟ್ಟೆ.

ಮರುದಿನ ಬೆಳಿಗ್ಗೆ ಮುಂಬಯಿಗೆ ಹೊರಟಿದ್ದ ಲಾರಿಯೊಂದು ಬಾಗಿಲಿಗೆ ಬಂದು ನಿಂತಿತು. ಹನ್ನೆರಡಕ್ಕೆ ಬಿಡಲೇಬೇಕು ಎಂದು ಬೆಳಗಾವಿಯ ಚಾಲಕ ಮೊದಲೇ ಹೇಳಿದ್ದ. ನಾನು ಪಟ್ಟಿ ಹಿಡಿದು ಒಳಗೆ ಹೋದರೆ, ಏಳನೆಯ ಪೆಟ್ಟಿಗೆಯ ಒಂದು ಸಂದಿಯೊಳಗೆ ಕರಿ ಇರುವೆಗಳ ಸಾಲು ಶಿಸ್ತಿನಿಂದ ಹೋಗುತ್ತಿತ್ತು. ಇನ್ನೊಂದು ಸಾಲು ಅಷ್ಟೇ ಶಿಸ್ತಿನಿಂದ ಹೊರಗೆ ಬರುತ್ತಿತ್ತು. ಕಬ್ಬಿಣಕ್ಕೆ ಇರುವೆ ಮುತ್ತಿದ್ದನ್ನು ನಾನು ಅದುವರೆಗೆ ಎಲ್ಲೂ ನೋಡಿರಲಿಲ್ಲ.

ಟೇಪು ಹರಿದೆ. ಕುಡಗೋಲುಗಳ ಮೇಲೆ ಒಂದು ಕುಪ್ಪಸದ ಖಣ ಹಾಸಿತ್ತು, ಗುಳೇದಗುಡ್ಡದ್ದು, ಕೆಂಪು ಅಂಚಿನದು. ಖಣದ ಮೇಲೆ ಅಕ್ಕಿ, ಎರಡು ಬಟ್ಟಲು ಕೊಬ್ಬರಿ, ಅರಿಶಿನದ ಕೊಂಬು, ಉತ್ತತ್ತಿ, ಅಡಿಕೆ, ವೀಳ್ಯದೆಲೆ, ಒಂದು ಅಚ್ಚು ಬೆಲ್ಲ. ಎಂಟನೆಯದನ್ನು ಹರಿದೆ. ಅದರಲ್ಲೂ ಅಷ್ಟೇ. ಒಂಬತ್ತು, ಹತ್ತು. ನಿಯಮದ ಕಾಗದದಲ್ಲಿ ಏನೇನು ಇರಬಾರದು ಎಂದಿತ್ತೋ ಅದನ್ನೆಲ್ಲ ಹುಡುಕಿ ತಂದು ಇಟ್ಟ ಹಾಗಿತ್ತು. ತೌರಿನಿಂದ ಹೊರಟ ಮಗಳಿಗೆ ಸೆರಗಿನ ತುಂಬ ಹಾಕಿ ಕಳಿಸುವ ಉಡಿಯನ್ನು ಇವರು ಮೂವತ್ತೆಂಟು ಪೆಟ್ಟಿಗೆಗಳಿಗೂ ತುಂಬಿದ್ದರು.

"ಪಾರವ್ವಾ!" ಎಂದು ಕೂಗಿದೆ.

ಅವಳು ಸಾವಕಾಶವಾಗಿ ಬಂದಳು. "ಯಾಕ್ರಿ, ಇರಿವಿ ಹತ್ಯಾವೇನು? ಬೆಲ್ಲ ಬ್ಯಾಡ ಅಂದಿದ್ದೆ ನಾನು. ನಿಮ್ಮ ಮನಿಯಾರ ಕೇಳಲಿಲ್ಲ."

ತಿರುಗಿ ನೋಡಿದರೆ, ಹೆಂಗಸರ ಗುಂಪಿನ ಹಿಂದೆ ನಮ್ಮಾಕೆ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು.

ನಾನು ನಿಯಮ ಓದಿ ಹೇಳಿದೆ, ಹಡಗು ತಪ್ಪುವುದನ್ನು ಹೇಳಿದೆ, ಮಳೆಯನ್ನು ಹೇಳಿದೆ. ಎಲ್ಲವನ್ನೂ ಈಗಲೇ ಬಿಚ್ಚಿ ತೆಗೆಯಬೇಕು ಎಂದೆ. ಪೆಟ್ಟಿಗೆ ಹೇರಲು ಬಂದಿದ್ದ ಜುಜೆ ಆಗಲೇ ಟೇಪು ಕೀಳಲು ಕುಳಿತಿದ್ದ. ಆದರೆ ಪಾರವ್ವ ಪೆಟ್ಟಿಗೆಯ ಮೇಲೆ ಕೈ ಇಟ್ಟು ನಿಂತಳು. ಅವಳ ದನಿ ಅವತ್ತು ಮೊದಲ ಸಲ ಸಣ್ಣದಾಯಿತು.

"ಸಾಹೇಬ್ರ, ಅವ್ರು ಎಲ್ಲಾ ಕಳಕೊಂಡು ಕುಂತಾರ. ಬರೇ ಕಬ್ಬಣ ಒಗದು ಕಳಸಾಕ ಮನಸ್ಸು ಬರಲಿಲ್ಲರಿ ನಮಗ. ತುಂಬಿದ ಉಡಿ ಹೊಳ್ಳಿ ತಗೀಬಾರದು. ಅದು ಅವರಿಗೆ ಒಳ್ಳೇದಲ್ಲ. ಮದಲ ಕೆಟ್ಟದ್ದು ನೋಡ್ಯಾರ ಅವರು, ನಮ್ಮ ಕೈಲೆ ಮತ್ತ ಯಾಕ?"

ಹೊರಗೆ ಲಾರಿಯವನು ಹಾರ್ನು ಹೊಡೆದ. ಗಂಟೆ ಹತ್ತೂಕಾಲು. ಅವಳ ಕೈ ಎತ್ತಿಸಿ ಬಲವಂತದಿಂದ ತೆಗೆಯಬಹುದಿತ್ತು. ಆಗ ಸಂಘದ ಮೂವತ್ತು ಹೆಂಗಸರು ಮಳೆ ಮುಗಿಯುವ ತನಕ, ಕಾಣದ ಊರಿನ ಜನಕ್ಕೆ ತಾವೇ ಕೇಡು ಮಾಡಿದೆವು ಎಂದು ಕೊರಗುತ್ತಿದ್ದರು. ತೆಗೆಯದಿದ್ದರೆ ಆ ಜನಕ್ಕೆ ನಾನೇ ಕೇಡು ಮಾಡಿದ ಹಾಗೆ.

ಕೊನೆಗೆ ಪಾರವ್ವನೇ ಕೇಳಿದಳು. "ಆ ಕಾಗದದಾಗ ಅವರ ಪರವಾಗಿ ಸಹಿ ಮಾಡಿದವರು ಯಾರ್ರಿ?"

"ನಾನ."

"ಅಂದ ಮ್ಯಾಲ ಅವರ ಪರವಾಗಿ ಉಡೀನೂ ನೀವ ತಗೋಬೇಕು. ಕುಂದರ್ರಿ."

"ಏನ್ ಮಾತಾಡ್ತಿ ಪಾರವ್ವಾ, ನಾನು ಗಂಡಸು!"

"ನೀವು ಈಗ ಗಂಡಸಲ್ಲ, ಸಹಿ. ಕುಂದರ್ರಿ ಅಂದೆ."

ಮಣೆ ಬಂತು. ಪ್ಯಾಂಟಿಗೆ ಮಡಿಲಿಲ್ಲ ಎಂಬ ಆಕ್ಷೇಪಣೆ ಬಂತು. ನಮ್ಮಾಕೆ ಪಕ್ಕದ ಮನೆಯಿಂದ ಒಂದು ಹಸಿರು ಸೀರೆ ತಂದು, ನನ್ನ ಸೊಂಟಕ್ಕೆ ಸುತ್ತಿ, ನನ್ನ ಕಡೆ ನೋಡದೆಯೇ ಗಂಟು ಹಾಕಿದಳು. ಅವಳ ಭುಜ ಕುಣಿಯುತ್ತಿತ್ತು. ಕರ್ನಾಟಕದ ಯಾವ ಉಗ್ರಾಣದವನಿಗೂ ಈ ಪರಿಸ್ಥಿತಿ ಬಂದಿರಲಾರದು. ಜುಜೆ ಪೆಟ್ಟಿಗೆ ಬಿಚ್ಚಿ ಕೊಡುತ್ತಿದ್ದ, ಒಬ್ಬೊಬ್ಬ ಹೆಂಗಸು ಅದರೊಳಗಿನದನ್ನು ಎತ್ತಿ ನನ್ನ ಮಡಿಲಿಗೆ ಹಾಕುತ್ತಿದ್ದಳು. ಮಡಿಲು ತುಂಬಿದಾಗಲೆಲ್ಲ ಜೋಯಿಡಾದ ಬುಟ್ಟಿಗೆ ಸುರಿದು ಮತ್ತೆ ಕೂರಿಸುತ್ತಿದ್ದರು. ಬೇಡವೆಂದು ಮೂಲೆಗೆ ಇಡಿಸಿದ ಬುಟ್ಟಿಗಳು ಹಾಗೆ ಕೆಲಸಕ್ಕೆ ಬಂದವು. ತಡವಾಯಿತೆಂದು ಜಗಳಕ್ಕೆ ಬಂದ ಲಾರಿಯವನು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ. ಚಪ್ಪಲಿ ಬಿಟ್ಟು ಒಳಗೆ ಬಂದು ಪೆಟ್ಟಿಗೆಗಳಿಗೆ ಟೇಪು ಹಚ್ಚತೊಡಗಿದ.

ಮೊದಲ ಹತ್ತು ಉಡಿಗೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಯಾವಾಗಲೋ ನಗು ನಿಂತಿತು. ಹೆಂಗಸರು ಉಡಿ ಹಾಕುತ್ತ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಜಾಗದಲ್ಲಿ ಬೇರೆ ಯಾರೋ ಕುಳಿತ ಹಾಗೆ, "ಹೋಗಿ ಬಾರವ್ವಾ", "ಹುಷಾರು ನನ್ನವ್ವ", "ಮಕ್ಕಳನ್ನ ಜ್ವಾಪಾನ ಮಾಡ" ಎನ್ನುತ್ತಿದ್ದರು. ಮಡಿಲಿನ ಅಕ್ಕಿ ಭಾರವಾಗಿ, ಬೆಚ್ಚಗೆ ಇತ್ತು. ನನ್ನ ಅಕ್ಕ ಪ್ರತಿ ಸಲ ಊರಿಗೆ ಹೊರಟಾಗ ಅವ್ವ ಉಡಿ ತುಂಬುವುದನ್ನು ಬಾಗಿಲಲ್ಲಿ ನಿಂತು ನೋಡುತ್ತ, ಬಸ್ಸಿಗೆ ಹೊತ್ತಾಯಿತು ಎಂದು ಗೊಣಗುತ್ತಿದ್ದವನು ನಾನು. ಇಷ್ಟು ಭಾರ ಹೊತ್ತುಕೊಂಡು ಅವಳು ಬಸ್ಸು ಹತ್ತುತ್ತಿದ್ದಳು ಎಂದು ಆ ಮಣೆಯ ಮೇಲೆ ಗೊತ್ತಾಯಿತು. ನನಗೆ ಅಳು ಬಂತು. ಮುಚ್ಚಿಡುವುದೇನು, ಹಸಿರು ಸೀರೆಯ ಅಂಚಿನಲ್ಲೇ ಮೂಗು ಒರೆಸಿಕೊಂಡೆ.

ಲಾರಿ ಹನ್ನೆರಡೂವರೆಗೆ ಹೊರಟಿತು. ಖಣಗಳನ್ನು ಮಾತ್ರ ಚೆನ್ನಾಗಿ ಕೊಡವಿ ಪೆಟ್ಟಿಗೆಯಲ್ಲೇ ಬಿಟ್ಟು, ಪಟ್ಟಿಗೆ "ಒರೆಸುವ ಬಟ್ಟೆ, ಮೂವತ್ತೆಂಟು" ಎಂದು ಸೇರಿಸಿದೆ. ಒರೆಸುವ ಬಟ್ಟೆಗೆ ರೇಷ್ಮೆಯ ಅಂಚು ಯಾಕೆ ಎಂದು ಮುಂಬಯಿಯಿಂದ ಫೋನು ಬಂತು. ನಮ್ಮ ಕಡೆ ಕಬ್ಬಿಣಕ್ಕೆ ಬಹಳ ಮರ್ಯಾದೆ ಎಂದೆ. ಉಡಿ ಪಡೆದವರೇ ಅದನ್ನು ತಿನ್ನಬೇಕು ಎಂದು ಪಾರವ್ವ ತಾಕೀತು ಮಾಡಿದ್ದರಿಂದ ಎಪ್ಪತ್ತಾರು ಬಟ್ಟಲು ಕೊಬ್ಬರಿ ನಮ್ಮ ಮನೆಗೆ ಬಂತು. ನಾವು ಅದನ್ನು ಹೇಗೆ ಮುಗಿಸಿದೆವು ಎಂಬುದು ಬೇರೆಯೇ ಕಥೆ, ಅದರಲ್ಲಿ ವೈದ್ಯರೂ ಬರುತ್ತಾರೆ.

ಮೂರು ತಿಂಗಳು ಸುದ್ದಿಯಿಲ್ಲ. ಆಮೇಲೆ ಮುಂಬಯಿಯ ಆ ಹುಡುಗಿ ಹೇಳಿದಳು: ದಾರಿಯಲ್ಲಿ ಎಲ್ಲೆಲ್ಲೋ ತಡೆದರಂತೆ, ಸಾಮಾನು ಮುಟ್ಟುವಷ್ಟರಲ್ಲಿ ಬಿತ್ತನೆ ಮುಗಿದಿತ್ತಂತೆ, ಸಿಕ್ಕ ಸಿಕ್ಕ ಕೋಲಿನಲ್ಲಿ ಕುಳಿ ಮಾಡಿ ಬಿತ್ತಿದ್ದರಂತೆ. ಕಳೆ ತೆಗೆಯುವ ಹೊತ್ತಿಗೆ ಕುರಪಿಗಳು ಸಿಕ್ಕವಂತೆ. ನನಗೆ ಪಿಚ್ಚೆನಿಸಿತು. ಪಾರವ್ವನಿಗೆ ಹೇಳಲು ಅಂಜುತ್ತಲೇ ಹೋದೆ. "ಬಿತ್ಯಾರಲ್ಲ, ಸಾಕು," ಎಂದಳು ಅವಳು. "ಬೆಳಿ ಬಂದ ಮ್ಯಾಲ ಕುಡಗೋಲು ಅದಾವು."

ಅಂದಿನಿಂದ ನಾನು ಅಂಬೇವಾಡಿಯ ಮಗಳು. ನಾಗರ ಪಂಚಮಿಗೆ ತೌರಿನ ಕರೆ ನನಗೆ ಬರುತ್ತದೆ, ಉಂಡಿ ಕಟ್ಟಿ ಕೊಡುತ್ತಾರೆ. ನಮ್ಮಾಕೆ ಹಿಂದೆ ಬರುತ್ತಾಳೆ, ಅಳಿಯನ ಹಾಗೆ.

ಇವತ್ತು ಬೆಳಿಗ್ಗೆ ಕೈ ತೊಳೆಯುತ್ತಿದ್ದಾಗ ಪಾರವ್ವನ ಫೋನು ಬಂತು. ಮಳೆಗಾಲ ಬಂತೆಂದರೆ ವಾರಕ್ಕೊಮ್ಮೆ ಮಾಡುತ್ತಾಳೆ, ಕೇಳುವುದು ಒಂದೇ ಪ್ರಶ್ನೆ. "ನಿಮ್ಮ ಅತ್ತಿಮನಿ ಕಡೆ ಮಳಿ ಆತೇನ್ರಿ?"

ನನ್ನ ಫೋನಿನಲ್ಲಿ ಪೆಟ್ಟಿಗೆಗಳು ಹೋದ ಸುಡಾನಿನ ಆ ಊರಿನ ಹವಾಮಾನ ಬರುತ್ತದೆ. ಊರಿನ ಹೆಸರು ಇನ್ನೂ ಸರಿಯಾಗಿ ಹೇಳಲು ಬರುವುದಿಲ್ಲ. ಎದ್ದ ಕೂಡಲೇ ಅದನ್ನು ನೋಡುತ್ತೇನೆ, ದಾಂಡೇಲಿಯದನ್ನು ಆಮೇಲೆ. ಯುದ್ಧ ಇನ್ನೂ ಮುಗಿದಿಲ್ಲ. ಟಿ.ವಿ.ಯವರು ಗುಂಡು ಬಿದ್ದದ್ದನ್ನು ಒಮ್ಮೊಮ್ಮೆ ಹೇಳುತ್ತಾರೆ, ಮಳೆ ಬಿದ್ದದ್ದನ್ನು ಹೇಳುವುದಿಲ್ಲ.

"ಹದಿನೈದು ದಿನ ಆತು, ಹನಿ ಬಿದ್ದಿಲ್ಲ ಪಾರವ್ವಾ," ಎಂದೆ.

"ನೋಡ್ತಿರ್ರಿ," ಎಂದು ಫೋನಿಟ್ಟಳು.

ಹೊರಗೆ ನಮ್ಮ ಮಳೆ ನಾಲ್ಕು ದಿನದಿಂದ ಬಿಟ್ಟೂಬಿಡದೆ ಹೊಡೆಯುತ್ತಿತ್ತು. ನಾನು ಕಿಟಕಿ ತೆರೆದು, ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, "ಇಲ್ಲೆ ಸಾಕಾತು, ಒಂದೀಟು ಅತ್ತಾಗ ಹೋಗು," ಎಂದೆ.

"ಯಾರ ಕೂಡ ಮಾತಾಡಾಕತ್ತೀರಿ?" ಎಂದಳು ನಮ್ಮಾಕೆ ಒಳಗಿನಿಂದ.

ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳು ಬಂದು ಪಕ್ಕದಲ್ಲಿ ನಿಂತು ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದಳು. "ಸಣ್ಣ ದನೀಲೆ ಅಂದ್ರ ಹೆಂಗ ಕೇಳಬೇಕ್ರಿ ಅದಕ? ಜೋರಾಗಿ ಹೇಳ್ರಿ," ಎಂದಳು.