ಮುರಿದರೆ ಮುರಿಯಲಿ, ಒತ್ತಿ

ಮನುಷ್ಯರ ಪಕ್ಕೆಲುಬು ಮುರಿಯುವ ಸದ್ದು ಕೇಳಿದ್ದೀರಾ? ನಾನು ಕೇಳಿದ್ದೇನೆ. ಯಡಿಯೂರು ಕೆರೆಯ ವಾಕಿಂಗ್ ಟ್ರ್ಯಾಕ್ ಮೇಲೆ, ಬೆಳಗಿನ ಎಳೆ ಬಿಸಿಲಿನಲ್ಲಿ.

ದೊಡ್ಡ ಸದ್ದೇನಲ್ಲ. ಎಳೆ ನುಗ್ಗೆಕಾಯಿ ಲಟಕ್ಕೆಂದ ಹಾಗೆ. (ಅವತ್ತಿನಿಂದ ನಮ್ಮ ಮನೆಗೆ ನುಗ್ಗೆಕಾಯಿ ತಂದಿಲ್ಲ.)

ಅವತ್ತು ನಡೆಯುತ್ತಲೇ ಕುಸಿದು ಬಿದ್ದವರು ಗೋಪಾಲಕೃಷ್ಣ ಅಂಕಲ್. ಜಯನಗರದವರು, ರಿಟೈರ್ಡ್ ಇಂಜಿನಿಯರ್. ನಾವೆಲ್ಲ ಕೆರೆಯನ್ನು ಒಂದು ದಿಕ್ಕಿಗೆ ಸುತ್ತಿದರೆ ಅವರು ಮಾತ್ರ ಎದುರು ದಿಕ್ಕಿಗೆ ಸುತ್ತುತ್ತಿದ್ದರು. ಯಾಕೆ ಎಂದು ಕೇಳಿದರೆ, ‘ನಿಮ್ಮ ಜೊತೆ ನಡೆದ್ರೆ ಬೆನ್ನು ಕಾಣುತ್ತೆ, ಹೀಗೆ ಬಂದ್ರೆ ಎಲ್ಲರ ಮುಖ ಕಾಣುತ್ತೆ’ ಎನ್ನುತ್ತಿದ್ದರು. ಅಂಥ ಮನುಷ್ಯ.

ಆ ಹೊತ್ತಿನಲ್ಲಿ ನಾನು ಮೇಜರ್ ಭಾಗೀರಥಿಯವರ ಜೊತೆ ಕೆರೆಯ ಆಚೆ ದಡದಲ್ಲಿದ್ದೆ. ಯಾರೋ ಕೂಗಿದ್ದು ಕೇಳಿಸಿತು. ಏನಾಯಿತೆಂದು ನಾನು ಕತ್ತು ತಿರುಗಿಸುವಷ್ಟರಲ್ಲಿ ಮೇಜರ್ ಓಡಲು ಶುರು ಮಾಡಿಯಾಗಿತ್ತು. ಐವತ್ತು ದಾಟಿದ ಹೆಂಗಸು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡೇ ಓಡಿದರು. ನಾನು ಹಿಂದೆ.

ನಾವು ತಲುಪಿದಾಗ ಅಂಕಲ್ ಸುತ್ತ ಜನವೋ ಜನ. ಒಬ್ಬರು ಪಾದ ಉಜ್ಜುತ್ತಿದ್ದರು. ಇನ್ನೊಬ್ಬರು ಬಾಯಿಗೆ ನೀರು ಹಾಕಲು ನೋಡುತ್ತಿದ್ದರು. ಫಿಟ್ಸ್ ಇರಬೇಕೆಂದು ಯಾರೋ ಕೈಗೆ ಸ್ಕೂಟರ್ ಕೀ ಹಿಡಿಸಿದ್ದರು. ಆಟೋನಾ, ಆಂಬುಲೆನ್ಸಾ ಎಂದು ಇಬ್ಬರು ಚರ್ಚೆಗೆ ಬಿದ್ದಿದ್ದರು. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಎಲ್ಲರಿಗೂ ಏನಾದರೂ ಮಾಡಬೇಕಿತ್ತು. ಏನು ಎನ್ನುವುದು ಗೊತ್ತಿರಲಿಲ್ಲ, ಅಷ್ಟೆ.

ಮೇಜರ್ ಮಂಡಿಯೂರಿ ಅಂಕಲ್ ಭುಜ ಅಲ್ಲಾಡಿಸಿದರು, ಮೂಗಿನ ಹತ್ತಿರ ಕೆನ್ನೆ ಇಟ್ಟು ನೋಡಿದರು. ‘ಉಸಿರಿಲ್ಲ. ನೀಲಿ ಟೀ ಶರ್ಟ್, ನೀವು ಆಂಬುಲೆನ್ಸಿಗೆ ಫೋನ್ ಮಾಡಿ. ಕ್ಯಾಪ್ ಹಾಕಿರೋ ಸಾರ್, ಗೇಟ್ ಹತ್ರ ನಿಂತು ಅವರಿಗೆ ದಾರಿ ತೋರ್ಸಿ. ಮಿಕ್ಕೋರು ಹಿಂದಕ್ಕೆ ಹೋಗಿ.’ ದನಿ ಏರಿಸಲಿಲ್ಲ. ಆದರೆ ಒಬ್ಬರೂ ಎದುರು ಮಾತಾಡಲಿಲ್ಲ.

ಎದೆಯ ನಡುವೆ ಅಂಗೈ ಇಟ್ಟು ಒತ್ತತೊಡಗಿದರು. ಏಕ್, ದೋ, ತೀನ್, ಚಾರ್. (ಯಡಿಯೂರಿನಲ್ಲೇ ಹುಟ್ಟಿ ಬೆಳೆದವರು. ಆದರೆ ಎಣಿಸುವುದು ಮಾತ್ರ ಇವತ್ತಿಗೂ ಹಿಂದಿಯಲ್ಲಿ.) ಆಗಲೇ ಆ ಸದ್ದು ಬಂತು. ‘ಅಯ್ಯೋ, ನಿಲ್ಸಿ ಮೇಡಂ, ಏನೋ ಮುರೀತು’ ಎಂದರು ಒಬ್ಬರು. ಮೇಜರ್ ನಿಲ್ಲಿಸಲಿಲ್ಲ. ಲಯವೂ ತಪ್ಪಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ನೋಡಿ ‘ಈಗ ನೀವು’ ಎಂದರು. ಅವರ ಭಾನುವಾರದ ಕ್ಲಾಸಿಗೆ ನಾನು ಹೋಗಿದ್ದೆ, ಗೊಂಬೆಯ ಮೇಲೆ ಒತ್ತಿ ಕಲಿತಿದ್ದೆ. ಗೊಂಬೆ ಬೇರೆ, ಮನುಷ್ಯ ಬೇರೆ. ನನ್ನ ಅಂಗೈ ಕೆಳಗೆ ಮುರಿದ ಎಲುಬು ಜರುಗುತ್ತಿತ್ತು. ‘ಇನ್ನೂ ಜೋರಾಗಿ’ ಎಂದರು ಮೇಜರ್. ಹೀಗೆ ನಾವಿಬ್ಬರೂ ಆಂಬುಲೆನ್ಸ್ ಬರುವವರೆಗೆ ಒಬ್ಬರಾದ ಮೇಲೊಬ್ಬರು ಒತ್ತಿದೆವು.

ಅಂಕಲ್ ಉಳಿಯಲಿಲ್ಲ.

ಮೇಜರ್ ಭಾಗೀರಥಿಯವರ ಬಗ್ಗೆ ಎರಡು ಮಾತು ಹೇಳಬೇಕು. ಯಡಿಯೂರು ಇನ್ನೂ ಹಳ್ಳಿಯಾಗಿದ್ದ ಕಾಲದ ಮನೆತನ. ಅಜ್ಜ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ತಮ್ಮ ಕಟ್ಟಿಸಿದ ಮೂರು ಅಂತಸ್ತಿನ ಬಿಲ್ಡಿಂಗ್ ಇದೆ. ಭಾಗೀರಥಿ ನರ್ಸಿಂಗ್ ಓದಿ, ಸೇನೆಯ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಆದರು. ಮೇಜರ್ ಆಗಿ ಹೊರಗೆ ಬಂದು, ಬನಶಂಕರಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠಕ್ಕೆ ಸೇರಿಕೊಂಡರು. ಬಾಡಿಗೆ ಬರುತ್ತಿರುವಾಗ ಅಕ್ಕನಿಗೆ ಈ ಮೇಷ್ಟ್ರ ಕೆಲಸ ಯಾಕೆ ಎಂದು ತಮ್ಮನಿಗೆ ಇಂದಿಗೂ ಅರ್ಥವಾಗಿಲ್ಲ.

ನಾನೊಮ್ಮೆ ಕೇಳಿದ್ದೆ. ಅವರು ಒಂದು ಪ್ರಸಂಗ ಹೇಳಿದರು. ಮಂಜಿನ ಪ್ರದೇಶದ ಒಂದು ಪುಟ್ಟ ಆಸ್ಪತ್ರೆ. ಮೇಲಿನ ಕಾವಲು ಠಾಣೆಯಿಂದ ಒಬ್ಬ ಯುವ ಸಿಪಾಯಿಯನ್ನು ಇಳಿಸಿ ತಂದರು. ಅವನು ಕುಸಿದಾಗ ಅವನ ಜೊತೆಗೆ ಇದ್ದದ್ದು ಇನ್ನೊಬ್ಬ ಸಿಪಾಯಿ ಮಾತ್ರ. ‘ಸ್ಟ್ರೆಚರ್ ಬರೋವರೆಗೂ ಅವನು ಒತ್ತುತ್ತಾನೇ ಇದ್ನಂತೆ. ಬಿದ್ದ ಹುಡುಗ ಬದುಕಿದ. ಎಲ್ಲರೂ ಬಂದು ನಮಗೆ ಥ್ಯಾಂಕ್ಸ್ ಹೇಳಿದ್ರು. ನಾವೇನು ಮಾಡಿದ್ವಿ? ಅವನ ಜೊತೆಗಾರನಿಗೆ ಯಾರೋ ಯಾವಾಗಲೋ ಕಲಿಸಿದ್ರಲ್ಲ, ಅವರು ಉಳಿಸಿದ್ದು. ಅವತ್ತೇ ಅಂದ್ಕೊಂಡೆ, ಇಲ್ಲಿಂದ ಹೋದ್ಮೇಲೆ ಕಲಿಸೋ ಕೆಲಸ ಮಾಡ್ತೀನಿ ಅಂತ.’

ಕಾಲೇಜಿನ ಪಾಠ ಸಾಲದೆಂದು ಭಾನುವಾರ ಬೆಳಿಗ್ಗೆ ತಮ್ಮನ ಬಿಲ್ಡಿಂಗಿನ ನೆಲಮಹಡಿಯ ಹಾಲ್‌ನಲ್ಲಿ ಯಾರು ಬಂದರೂ ಈ ಎದೆ ಒತ್ತುವುದನ್ನು ಕಲಿಸುತ್ತಾರೆ. ಫೀಸಿಲ್ಲ. ಬರುವವರೂ ಹೆಚ್ಚಿಲ್ಲ. ಯೋಗ ಎಂದಿದ್ದರೆ ತುಂಬಿಹೋಗುತ್ತಿತ್ತು.

ಅಂಕಲ್ ಹೋದ ಮೇಲೆ ಬರುತ್ತಿದ್ದ ನಾಲ್ಕಾರು ಜನವೂ ಬರುವುದು ನಿಲ್ಲಿಸಿದರು. ಯಾಕೆ ಗೊತ್ತೇ? ವಾಕಿಂಗ್ ಗ್ರೂಪಿನ ವಾಟ್ಸಾಪ್‌ನಲ್ಲಿ, ಗುಡ್ ಮಾರ್ನಿಂಗ್ ಹೂಗಳ ನಡುವೆ, ಯಾರೋ ಒಂದು ಸಾಲು ಹಾಕಿದ್ದರು: ‘ಹಾರ್ಟ್‌ಗೆ ಏನೂ ಆಗಿರ್ಲಿಲ್ವಂತೆ, ಎದೆ ಮುರಿದಿದ್ದಕ್ಕೆ ಹೋದ್ರಂತೆ.’ ಅಂತೆ ಎಂದು ಬರೆದರೆ ಬರೆದವರ ಜವಾಬ್ದಾರಿ ಮುಗಿಯಿತಲ್ಲ? ಮರುದಿನದಿಂದ ಟ್ರ್ಯಾಕ್ ಮೇಲೆ ಕೆಲವರು ಮೇಜರ್ ಎದುರಾದರೆ ಫೋನ್ ನೋಡತೊಡಗಿದರು.

ತಮ್ಮ ಹೆದರಿದ. ‘ಅಕ್ಕ, ಇದೆಲ್ಲ ಬೇಡ ಬಿಡು. ನಾಳೆ ಅವರ ಮನೆಯೋರು ಪೊಲೀಸು ಗಿಲೀಸು ಅಂತ ಬಂದ್ರೆ ಏನ್ ಮಾಡ್ತೀಯ?’

‘ಬರ್ಲಿ. ಭಾನುವಾರ ಹಾಲ್ ತೆಗೆದೇ ಇರ್ತೀನಿ,’ ಎಂದರು ಮೇಜರ್.

ಆ ಭಾನುವಾರ ಹೋದದ್ದು ನಾನೊಬ್ಬಳೇ. ಪೂರ್ತಿ ಪಾಠವನ್ನು, ಹಾಲ್ ತುಂಬ ಜನ ಇದ್ದ ಹಾಗೆ, ನನ್ನೊಬ್ಬಳಿಗೇ ಮಾಡಿದರು. ಮುಗಿದ ಮೇಲೆ ಕುರ್ಚಿಯಲ್ಲಿ ಕುಳಿತರು.

‘ಗೋಪಾಲಕೃಷ್ಣ ಅವರ ಕಣ್ಣು ಅರ್ಧ ತೆರೆದಿತ್ತು. ನಿದ್ದೇಲಿ ಬರುತ್ತೆ,’ ಎಂದರು.

ಸೇನೆಯಲ್ಲಿ ಇಂಥದ್ದೆಲ್ಲ ಅಭ್ಯಾಸವಾಗಿರಬಹುದು ಅಂದುಕೊಂಡಿದ್ದೆ ಎಂದೆ.

‘ಸಾವು ಅಭ್ಯಾಸ ಆಗಲ್ಲ. ಅದನ್ನ ಮನಸ್ಸಲ್ಲಿ ಇಟ್ಕೊಂಡೇ ಬೆಳಿಗ್ಗೆ ಡ್ಯೂಟಿಗೆ ಹೋಗೋದು ಅಭ್ಯಾಸ ಆಗುತ್ತೆ.’

ಅಂಕಲ್ ಮನೆಯಲ್ಲಿ ವೈಕುಂಠ ಸಮಾರಾಧನೆ ಮುಗಿದ ಮೇಲಿನ ಭಾನುವಾರ. ಅವತ್ತು ಹಾಲ್‌ನಲ್ಲಿ ನಾವು ಮೂವರಿದ್ದೆವು. ಗೇಟಿನ ಹತ್ತಿರ ನಿಂತು ಆಂಬುಲೆನ್ಸಿಗೆ ದಾರಿ ತೋರಿಸಿದ್ದ ಕ್ಯಾಪಿನವರು, ಅಂಕಲ್ ಪಾದ ಉಜ್ಜಿದ್ದವರು, ನಾನು. ಪಾಠ ಶುರುವಾಗುವ ಮೊದಲೇ ಹೊರಗೆ ಆಟೋ ನಿಂತಿತು. ಇಳಿದವರು ಅಂಕಲ್ ಹೆಂಡತಿ, ವಿಮಲಾ ಆಂಟಿ. ಬಾಗಿಲ ಬಳಿ ಕೂತಿದ್ದ ತಮ್ಮ ಎದ್ದು ನಿಂತ. ಜಗಳಕ್ಕೇ ಬಂದಿದ್ದಾರೆ ಎಂದು ಅವನ ಮುಖವೇ ಹೇಳುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು.

ಆಂಟಿ ಒಳಗೆ ಬಂದು, ನೆಲದ ಮೇಲಿದ್ದ ಗೊಂಬೆಯನ್ನು ನೋಡಿದರು. ಆಮೇಲೆ ಮೇಜರನ್ನು.

‘ನೀವೇನಾ ಒತ್ತಿದ್ದು?’

‘ಹೌದಮ್ಮ.’

‘ಎಲುಬು ಮುರೀತು ಅಂತಾರಲ್ಲ, ನಿಜವಾ?’

‘ನಿಜ. ಸರಿಯಾಗಿ ಒತ್ತಿದಾಗ್ಲೂ ಕೆಲವು ಸಲ ಮುರಿಯುತ್ತೆ.’

ಆಂಟಿ ಸೆರಗಿನ ತುದಿಯನ್ನು ಮಡಿಸುತ್ತ, ಬಿಡಿಸುತ್ತ ನಿಂತಿದ್ದರು. ಅವರು ಇಷ್ಟು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಪ್ರಶ್ನೆ ಆಮೇಲೆ ಬಂತು.

‘ಅವರಿಗೆ ನೋವಾಯ್ತಾ?’

ಮೇಜರ್ ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡರು. ‘ಇಲ್ಲಮ್ಮ. ನಾನು ಬರೋ ಹೊತ್ತಿಗೇ ಅವರ ಎದೆಬಡಿತ ನಿಂತಿತ್ತು. ಅವರಿಗೆ ಏನೂ ತಿಳೀಲಿಲ್ಲ.’

ಆಂಟಿ ತಲೆಯಾಡಿಸಿದರು. ಕಣ್ಣೊರೆಸಿಕೊಂಡರು. ‘ಮೊದಲೇ ಒತ್ತಿದ್ರೆ ಉಳೀತಿದ್ರಾ?’

‘ಉಳೀತಿದ್ರು ಅಂತ ಹೇಳೋಕಾಗಲ್ಲ. ಬಿದ್ದ ತಕ್ಷಣ ಶುರು ಮಾಡಿದ್ರೆ ಒಂದು ಅವಕಾಶ ಇರ್ತಿತ್ತು. ನಾನು ಕೆರೆಯ ಆ ಕಡೆ ಇದ್ದೆ.’

‘ಹತ್ರ ಬೇರೆ ಯಾರೂ ಇರ್ಲಿಲ್ವಾ?’

ಪಾದ ಉಜ್ಜಿದ್ದವರು ತಲೆ ತಗ್ಗಿಸಿದರು. ಕ್ಯಾಪಿನವರು ಕಿಟಕಿಯ ಕಡೆ ನೋಡಿದರು. ಮೇಜರ್ ಅವರಿಬ್ಬರ ಕಡೆ ತಿರುಗಲೂ ಇಲ್ಲ.

‘ಇದ್ರು ಅಮ್ಮ. ಅವರಿಗೆ ಯಾರೂ ಕಲಿಸಿರ್ಲಿಲ್ಲ.’

ಎಷ್ಟು ಸುಲಭವಾಗಿ ಬೆರಳು ತೋರಿಸಬಹುದಿತ್ತು. ಹದಿನೈದು ದಿನ ಬೆನ್ನ ಹಿಂದೆ ಆಡಿಕೊಂಡವರಿಗೆ ಅಲ್ಲೇ ಉತ್ತರ ಕೊಡಬಹುದಿತ್ತು. ಮೇಜರ್ ಆ ತಪ್ಪನ್ನೂ ಕಲಿಸುವವರ ಲೆಕ್ಕಕ್ಕೇ, ಅಂದರೆ ತಮ್ಮ ಲೆಕ್ಕಕ್ಕೇ ಹಾಕಿಕೊಂಡರು. ನಮ್ಮಲ್ಲಿ ಎಷ್ಟು ಜನ ಮೇಷ್ಟ್ರುಗಳು ಹೀಗೆ ಹಾಕಿಕೊಳ್ಳುತ್ತಾರೆ?

‘ಹಾಗಾದ್ರೆ ನನಗೆ ಕಲಿಸಿ,’ ಎಂದರು ಆಂಟಿ.

ಅವರಿಗೆ ಮಂಡಿ ನೋವು, ನೆಲಕ್ಕೆ ಕೂರಲಾಗುವುದಿಲ್ಲ. ತಮ್ಮ ತಾನಾಗಿಯೇ ಹೋಗಿ ಒಂದು ತಗ್ಗು ಬೆಂಚು ತಂದ. ಗೊಂಬೆಯನ್ನು ಅದರ ಮೇಲೆ ಮಲಗಿಸಿದೆವು. ಮೇಜರ್ ಆಂಟಿಯ ಅಂಗೈಯನ್ನು ಗೊಂಬೆಯ ಎದೆಯ ನಡುವೆ ಇಡಿಸಿ, ಮೊಣಕೈ ನೆಟ್ಟಗೆ ಮಾಡಿಸಿದರು. ಆಂಟಿ ಒತ್ತಿದರು. ಮಗುವನ್ನು ತಟ್ಟುವಷ್ಟು ಮೆಲ್ಲಗೆ.

‘ಸಾಲದಮ್ಮ. ಜೋರಾಗಿ.’

‘ಮುರಿದುಹೋದ್ರೆ?’

‘ಮುರಿದರೆ ಮುರೀಲಿ. ಒತ್ತಿ.’

ಆಂಟಿ ಒತ್ತಿದರು. ಅಳುತ್ತಲೇ ಒತ್ತಿದರು. ಮೇಜರ್ ಪಕ್ಕದಲ್ಲಿ ನಿಂತು ಎಣಿಸಿದರು, ಅವತ್ತು ಮಾತ್ರ ಕನ್ನಡದಲ್ಲಿ. ಪಾದ ಉಜ್ಜಿದ್ದವರು ಎದ್ದು ಬಂದು, ‘ಮುಂದಿನ ಸರದಿ ನಂದು ಮೇಡಂ’ ಎಂದರು.

ಅವತ್ತೇ ಮಧ್ಯಾಹ್ನ ವಾಟ್ಸಾಪ್ ಗ್ರೂಪಿನಲ್ಲಿ ಕ್ಯಾಪಿನವರು ನಡೆದದ್ದನ್ನೆಲ್ಲ ಬರೆದರು. ಅಂತೆ ಇಲ್ಲದೆ ಬರೆದರು. ಹಳೇ ಸಾಲು ಹಾಕಿದವರು ಕ್ಷಮೆ ಕೇಳಲಿಲ್ಲ, ಒಂದು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ಮೇಜರ್ ಅದನ್ನು ನೋಡಿದರೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಲೂ ಇಲ್ಲ.

ಕಳೆದ ಭಾನುವಾರ ಆಂಟಿ ಮತ್ತೆ ಬಂದಿದ್ದರು. ಈ ಸಲ ಜೊತೆಯಲ್ಲಿ ಗಂಡ ಹೆಂಡತಿ ಇಬ್ಬರು, ಇನ್ನೂ ಮೂವತ್ತು ದಾಟದವರು. ಆಂಟಿಯ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವವರಂತೆ. ಹಿಂದಿ ಮಾತಾಡುತ್ತಾರೆ, ಕನ್ನಡ ಅಷ್ಟಕ್ಕಷ್ಟೆ. ಇವರನ್ನು ಯಾಕೆ ಕರೆತಂದಿರಿ ಎಂದು ನಾನು ಕೇಳಿದೆ.

‘ಕಲಿತವಳು ನಾನು ಸರಿ, ಈಗ ಕೆಳಗಿನ ಮನೇಲಿ ಇರೋದು ನಾನೊಬ್ಬಳೇ ಅಲ್ವೇನಮ್ಮ? ನಾನು ಬಿದ್ರೆ ಮೊದಲು ಇಳಿದು ಬರೋರು ಇವರೇ,’ ಎಂದರು ಆಂಟಿ.

ನಿಮ್ಮ ಮಹಡಿ ಮನೆಯವರಿಗೆ ಎದೆ ಒತ್ತಲು ಬರುತ್ತದೆಯೇ?